ಗೋದಲಿಯ ಪಕ್ಕದ ಆನೆ

ಅಮೆರಿಕದ ಸುಪ್ರೀಂ ಕೋರ್ಟಿನ ಒಂದು ತೀರ್ಪಿನಲ್ಲಿ ಆನೆಯೊಂದು ಬರುತ್ತದೆ. ಜೀವಂತ ಆನೆಯೇನಲ್ಲ, ಆಕಾರ ಕತ್ತರಿಸಿ ನಿಲ್ಲಿಸಿದ ಬೊಂಬೆ ಆನೆ. ಅದರ ಜೊತೆಗೆ ಒಬ್ಬ ಸರ್ಕಸ್ ಬಫೂನ್, ಒಂದು ಟೆಡ್ಡಿ ಕರಡಿ. ಬೆತ್ಲೆಹೇಮಿಗೂ ಆನೆಗೂ ಏನು ಸಂಬಂಧ ಎಂದು ಕೇಳಿದರೆ ಏನೂ ಇಲ್ಲ. ಆ ಸಂಬಂಧವಿಲ್ಲದಿರುವಿಕೆಯೇ ಕೋರ್ಟಿನಲ್ಲಿ ಅದರ ದೊಡ್ಡ ಅರ್ಹತೆಯಾಯಿತು.

ರೋಡ್ ಐಲೆಂಡ್ ರಾಜ್ಯದ ಪಾಟಕೆಟ್ ಎಂಬ ಊರಿನಲ್ಲಿ, ಅಂಗಡಿ ಬೀದಿಗಳ ನಡುವಿನ ಪಾರ್ಕಿನಲ್ಲಿ, ಪ್ರತಿ ಡಿಸೆಂಬರಿನಲ್ಲೂ ನಗರಸಭೆಯವರೂ ವರ್ತಕರೂ ಸೇರಿ ಕ್ರಿಸ್ಮಸ್ ಅಲಂಕಾರ ಮಾಡಿಸುತ್ತಿದ್ದರು. ಸಾಂತಾ ಕ್ಲಾಸನ ಮನೆ, ಅವನ ಜಾರುಬಂಡಿ ಎಳೆಯುವ ಹಿಮಸಾರಂಗಗಳು, ಕ್ರಿಸ್ಮಸ್ ಮರ, ನೂರಾರು ಬಣ್ಣದ ದೀಪ, ಶುಭಾಶಯ ಹೇಳುವ ದೊಡ್ಡದೊಂದು ಬ್ಯಾನರು, ಆಗಲೇ ಹೇಳಿದ ಆನೆ. ಇಷ್ಟರ ಮಧ್ಯೆ ಗೋದಲಿ. ಬಾಲಯೇಸು, ಮರಿಯಮ್ಮ, ಜೋಸೆಫ್, ದೇವದೂತರು, ಕುರಿ ಕಾಯುವವರು, ದನಕರು ಎಲ್ಲ ಸೇರಿ ಐದು ಅಂಗುಲದಿಂದ ಐದು ಅಡಿಯವರೆಗೆ ಥರಾವರಿ ಎತ್ತರದ ಬೊಂಬೆಗಳು. 1973ರಲ್ಲಿ ನಗರಸಭೆ 1,365 ಡಾಲರ್ ಕೊಟ್ಟು ಕೊಂಡಿತ್ತು; ಕೇಸು ನಡೆಯುವ ಹೊತ್ತಿಗೆ ಅದರ ಬೆಲೆ 200ಕ್ಕೆ ಇಳಿದಿತ್ತು. ಜೋಡಿಸಿ ಬಿಚ್ಚಿಡಲು ವರ್ಷಕ್ಕೆ ಸುಮಾರು 20 ಡಾಲರ್ ಖರ್ಚು. ಹೀಗೆ ಮಾಡಿದರೆ ಸರ್ಕಾರ ಒಂದು ಧರ್ಮದ ಪರ ನಿಂತ ಹಾಗಲ್ಲವೇ ಎಂದು ಊರಿನ ಕೆಲವರು ಕೋರ್ಟಿಗೆ ಹೋದರು. ಕೆಳಗಿನ ಎರಡು ಕೋರ್ಟುಗಳಲ್ಲಿ ಅವರೇ ಗೆದ್ದರು. 1984ರಲ್ಲಿ ಸುಪ್ರೀಂ ಕೋರ್ಟು ಐದಕ್ಕೆ ನಾಲ್ಕರ ಬಹುಮತದಲ್ಲಿ ಅದನ್ನು ತಿರುಗಿಸಿ ನಗರಸಭೆಯನ್ನು ಗೆಲ್ಲಿಸಿತು.

ಬಹುಮತದ ತೀರ್ಪು ಬರೆದವರು ಮುಖ್ಯ ನ್ಯಾಯಮೂರ್ತಿ ವಾರೆನ್ ಬರ್ಗರ್. ಗೋದಲಿಯೊಂದನ್ನೇ ಬಿಡಿಸಿ ನೋಡಬೇಡಿ, ಸುತ್ತಲಿನದನ್ನೆಲ್ಲ ಸೇರಿಸಿ ನೋಡಿ ಎಂಬುದು ಅವರ ವಾದದ ಸಾರ. ಸೇರಿಸಿ ನೋಡಿದರೆ ಅದು ಹಬ್ಬದ ಸಡಗರವಾಗಿ ಕಾಣುತ್ತದೆ, ಮತಪ್ರಚಾರವಾಗಿ ಕಾಣುವುದಿಲ್ಲ. ಅಂದರೆ ಯಾರ ಹುಟ್ಟುಹಬ್ಬವೋ ಆ ಮಗುವೇ, ಕರೆಯದ ಮದುವೆಗೆ ಬ್ಯಾಂಡಿನವರ ಹಿಂದೆ ಸೇರಿಕೊಂಡು ನುಗ್ಗಿದವನ ಹಾಗೆ, ಆನೆ ಬಫೂನುಗಳ ಮರೆಯಲ್ಲಿ ಪಾರ್ಕಿನೊಳಗೆ ಬಂತು. ಭಿನ್ನಮತ ಬರೆದ ನ್ಯಾಯಮೂರ್ತಿ ಹ್ಯಾರಿ ಬ್ಲ್ಯಾಕ್‌ಮನ್ ಅವರಿಗೆ ಇದು ಗೆಲುವು ಎನ್ನಿಸಲಿಲ್ಲ. ಗೆಲ್ಲುವ ಸಲುವಾಗಿ ಗೋದಲಿಯನ್ನು ಅರ್ಥವಿಲ್ಲದ, ವ್ಯಾಪಾರಕ್ಕೆ ಒದಗುವ ಅಲಂಕಾರದ ಮಟ್ಟಕ್ಕೆ ಇಳಿಸಬೇಕಾಯಿತು, ಇಂಥ ಗೆಲುವು ಸೋಲಿಗಿಂತ ದುಬಾರಿ ಎಂಬ ಧಾಟಿಯಲ್ಲಿ ಅವರು ಬರೆದರು. ಇಡೀ ಪ್ರಕರಣದಲ್ಲಿ ಭಕ್ತನ ಹಾಗೆ ಮಾತಾಡಿದವರು ಅವರೊಬ್ಬರೇ ಎಂದು ನನ್ನ ಅನಿಸಿಕೆ. ಅವರಿದ್ದದ್ದು ಮಾತ್ರ ಗೋದಲಿ ಬೇಡ ಎಂದವರ ಪಕ್ಷದಲ್ಲಿ.

ಐದು ವರ್ಷದ ಮೇಲೆ, 1989ರಲ್ಲಿ, ಪಿಟ್ಸ್‌ಬರ್ಗಿನ ಸರದಿ. ಅಲ್ಲಿನ ಕೌಂಟಿ ನ್ಯಾಯಾಲಯದ ಮುಖ್ಯ ಮೆಟ್ಟಿಲ ಸಾಲಿನ ಮೇಲೆ ಕ್ಯಾಥೊಲಿಕ್ ಸಂಘವೊಂದು ಗೋದಲಿ ಇಟ್ಟಿತ್ತು. ಸುತ್ತ ಹೂಕುಂಡಗಳಿದ್ದವು. ಸಾಂತಾ ಇರಲಿಲ್ಲ, ಸಾರಂಗ ಇರಲಿಲ್ಲ. ಅದು ಸಂವಿಧಾನಕ್ಕೆ ವಿರುದ್ಧ ಎಂದಾಯಿತು. ಅದೇ ಊರಿನ ಇನ್ನೊಂದು ಸರ್ಕಾರಿ ಕಟ್ಟಡದ ಮುಂದೆ 18 ಅಡಿಯ ಮೆನೋರಾ, ಅಂದರೆ ಯಹೂದಿಗಳ ಹನುಕ್ಕಾ ಹಬ್ಬದ ದೀಪಸ್ತಂಭ, ನಿಂತಿತ್ತು. ಪಕ್ಕದಲ್ಲಿ 45 ಅಡಿಯ ಕ್ರಿಸ್ಮಸ್ ಮರ ಇದ್ದದ್ದು ಅದರ ಪುಣ್ಯ, ಅದು ಪಾಸಾಯಿತು. ವಕೀಲರು ಈ ಎರಡೂ ತೀರ್ಪುಗಳ ತಾತ್ಪರ್ಯಕ್ಕೆ ‘ಪ್ಲಾಸ್ಟಿಕ್ ಸಾರಂಗದ ನಿಯಮ’ ಎಂದು ಅಡ್ಡಹೆಸರಿಟ್ಟರು. ದೇವರನ್ನು ಸರ್ಕಾರಿ ಜಾಗದಲ್ಲಿ ಕೂರಿಸಬೇಕೆಂದರೆ ಪಕ್ಕದಲ್ಲಿ ಸಾಕಷ್ಟು ಪ್ಲಾಸ್ಟಿಕ್ ಇರಬೇಕು. ಅಡ್ಡಹೆಸರನ್ನು ಯಾರೂ ಅಷ್ಟಾಗಿ ಹಚ್ಚಿಕೊಳ್ಳುವುದಿಲ್ಲ ಎನ್ನುವಿರೋ? 2013ರಲ್ಲಿ ಟೆಕ್ಸಸ್ ರಾಜ್ಯ ಶಾಲೆಗಳಲ್ಲಿ ‘ಮೆರಿ ಕ್ರಿಸ್ಮಸ್’ ಎನ್ನಲು ಯಾರೂ ಅಂಜಬೇಕಾಗಿಲ್ಲ ಎಂದು ಒಂದು ಕಾನೂನನ್ನೇ ಮಾಡಿತು. ಸಾಂತಾ ವೇಷದವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಗವರ್ನರ್ ರಿಕ್ ಪೆರಿ ಅದಕ್ಕೆ ಸಹಿ ಹಾಕಿದರು. ಒಳಗೆ ಓದಿದರೆ ಷರತ್ತು ಅಲ್ಲೇ ಇದೆ: ಶಾಲೆಯಲ್ಲಿ ಹಬ್ಬದ ದೃಶ್ಯ ಇಡಬಹುದು, ಆದರೆ ಒಂದಕ್ಕಿಂತ ಹೆಚ್ಚು ಧರ್ಮಗಳದ್ದಿರಬೇಕು, ಇಲ್ಲವೇ ಒಂದು ಧರ್ಮದ ಜೊತೆಗೆ ಧರ್ಮಕ್ಕೆ ಸೇರದ ಒಂದಾದರೂ ಚಿಹ್ನೆ ಇರಬೇಕು. ಕ್ರಿಸ್ಮಸ್ಸನ್ನು ಕಾಪಾಡಲು ಹೊರಟವರೇ ಸಾರಂಗಕ್ಕೆ ಶಾಸನಬದ್ಧ ಸ್ಥಾನ ಕೊಟ್ಟರು.

ಈ ಸಾರಂಗದ ವಿಚಾರಕ್ಕೆ ಸ್ವಲ್ಪ ಅಡ್ಡದಾರಿ ಹಿಡಿಯುತ್ತೇನೆ. ಸಾಂತಾನ ಬಂಡಿಗೆ ಎಂಟು ಸಾರಂಗ ಹೂಡಿ ಒಂದೊಂದಕ್ಕೂ ಹೆಸರಿಟ್ಟದ್ದು 1823ರಲ್ಲಿ ನ್ಯೂಯಾರ್ಕ್ ರಾಜ್ಯದ ಟ್ರಾಯ್ ಎಂಬ ಊರಿನ ಪತ್ರಿಕೆಯಲ್ಲಿ ಹೆಸರಿಲ್ಲದೆ ಅಚ್ಚಾದ ಒಂದು ಪದ್ಯ. ಕೆಂಪು ಮೂಗಿನ ಒಂಬತ್ತನೆಯದು, ರುಡಾಲ್ಫ್, ತೀರ ಈಚಿನದು. 1939ರಲ್ಲಿ ಮಾಂಟ್‌ಗೊಮರಿ ವಾರ್ಡ್ ಎಂಬ ಷಿಕಾಗೊದ ದೊಡ್ಡ ಅಂಗಡಿ, ಹಬ್ಬದ ಗಿರಾಕಿಗಳ ಮಕ್ಕಳಿಗೆ ಬಿಟ್ಟಿ ಹಂಚಲು ಒಂದು ಕಥೆ ಪುಸ್ತಕ ಬೇಕು ಎಂದು ತನ್ನ ಜಾಹೀರಾತು ವಿಭಾಗದ ರಾಬರ್ಟ್ ಮೇ ಎಂಬಾತನಿಗೆ ಹೇಳಿತು. ಮನೆಯಲ್ಲಿ ಹೆಂಡತಿಗೆ ಕ್ಯಾನ್ಸರ್. ಪುಸ್ತಕ ಮುಗಿಯುವ ಮೊದಲೇ ತೀರಿಕೊಂಡಳು. ಸಹೋದ್ಯೋಗಿಗಳ ಅಪಹಾಸ್ಯಕ್ಕೆ ಗುರಿಯಾದ ಸಾರಂಗವೊಂದು ಮಂಜಿನ ರಾತ್ರಿಯಲ್ಲಿ ದಾರಿ ತೋರುವ ಕಥೆಯನ್ನು ಆ ಮನುಷ್ಯ ಅಂಥ ವರ್ಷದಲ್ಲಿ ಬರೆದು ಮುಗಿಸಿದ. ಹತ್ತು ವರ್ಷದ ಮೇಲೆ ಅದನ್ನು ಹಾಡು ಮಾಡಿದ್ದು ಅವನ ಭಾವಮೈದುನ ಜಾನಿ ಮಾರ್ಕ್ಸ್. ಇಬ್ಬರೂ ಯಹೂದಿಗಳು. ‘ವೈಟ್ ಕ್ರಿಸ್ಮಸ್’ ಹಾಡು ಬರೆದ ಅರ್ವಿಂಗ್ ಬರ್ಲಿನ್ ಕೂಡ ಯಹೂದಿ. ಐದು ವರ್ಷದ ಹುಡುಗನಾಗಿದ್ದಾಗ ರಷ್ಯಾದಿಂದ ಹಡಗಿನಲ್ಲಿ ಬಂದವನು. ಆ ಹಾಡು ಬಂದದ್ದು 1942ರ ‘ಹಾಲಿಡೇ ಇನ್’ ಸಿನಿಮಾದಲ್ಲಿ. ಅದೇ ಸಿನಿಮಾದಲ್ಲಿ ಅದೇ ಬರ್ಲಿನ್ ಬರೆದ ಇನ್ನೊಂದು ಹಾಡಿದೆ: ‘ಹ್ಯಾಪಿ ಹಾಲಿಡೇ’. ಕಳೆದ ಇಪ್ಪತ್ತು ವರ್ಷಗಳಿಂದ ಯಾವ ಎರಡು ಶುಭಾಶಯಗಳ ಹೆಸರಿನಲ್ಲಿ ಅಮೆರಿಕನ್ನರು ಟೀವಿಯಲ್ಲಿ ಕಿರುಚಾಡುತ್ತಿದ್ದಾರೋ ಅವೆರಡನ್ನೂ ಒಂದೇ ಸಿನಿಮಾಕ್ಕೆ ಒಬ್ಬನೇ ಬರೆದುಕೊಟ್ಟು ಸಂಭಾವನೆ ತೆಗೆದುಕೊಂಡಿದ್ದ.

ಕಿರುಚಾಟ ಶುರುವಾದದ್ದು ಟೀವಿ ಕಾಲದಲ್ಲಿ ಎಂದು ತಿಳಿಯಬಾರದು. ಕಾರಿನ ಹೆನ್ರಿ ಫೋರ್ಡ್ 1920ರ ದಶಕದ ಆರಂಭದಲ್ಲಿ ತನ್ನ ಪತ್ರಿಕೆಯಲ್ಲಿ ಯಹೂದಿಗಳ ಮೇಲೆ ಕಾರಿದ ವಿಷದಲ್ಲಿ ಕ್ರಿಸ್ಮಸ್ ಕಾರ್ಡುಗಳಲ್ಲಿ ಕ್ರಿಸ್ತನೇ ಕಾಣುವುದಿಲ್ಲ ಎಂಬ ದೂರೂ ಇತ್ತು. ಅದಕ್ಕೂ ಮೊದಲು, 1906ರಲ್ಲಿ, ನ್ಯೂಯಾರ್ಕಿನ ಯಹೂದಿ ಕೇರಿಗಳ ತಂದೆತಾಯಿಗಳು ಶಾಲೆಯಲ್ಲಿ ನಡೆಯುವ ಕ್ರಿಸ್ಮಸ್ ಕಾರ್ಯಕ್ರಮಕ್ಕೆ ಮಕ್ಕಳನ್ನು ಕಳಿಸದೆ ಮನೆಯಲ್ಲೇ ಉಳಿಸಿಕೊಂಡಿದ್ದರು. ಆದರೆ ಕ್ರಿಸ್ಮಸ್ಸಿನ ಮೇಲೆ ನಿಜವಾದ ಯುದ್ಧ ಸಾರಿದವರು ಯಹೂದಿಗಳೂ ಅಲ್ಲ, ನಾಸ್ತಿಕರೂ ಅಲ್ಲ. ಅಪ್ಪಟ ಕ್ರೈಸ್ತರು, ಅದರಲ್ಲೂ ಬೈಬಲನ್ನು ಅಕ್ಷರಕ್ಷರ ಬಾಯಿಪಾಠ ಮಾಡಿದವರು.

1621ರ ಡಿಸೆಂಬರ್ 25, ಪ್ಲಿಮತ್. ಹಿಂದಿನ ವರ್ಷ ಮೇಫ್ಲವರ್ ಹಡಗಿನಲ್ಲಿ ಬಂದಿಳಿದವರಿಗೆ ಆ ದಿನ ಉಳಿದ ದಿನಗಳ ಹಾಗೇ. ಗವರ್ನರ್ ವಿಲಿಯಂ ಬ್ರಾಡ್‌ಫರ್ಡ್ ಎಂದಿನಂತೆ ಎಲ್ಲರನ್ನೂ ಕೆಲಸಕ್ಕೆ ಕರೆದ. ಆ ವರ್ಷವಷ್ಟೇ ಬೇರೆ ಹಡಗಿನಲ್ಲಿ ಬಂದ ಹೊಸಬರು, ಈ ದಿನ ದುಡಿಯಲು ನಮ್ಮ ಮನಸ್ಸಾಕ್ಷಿ ಒಪ್ಪುವುದಿಲ್ಲ ಎಂದರು. ಸರಿ, ಮನಸ್ಸಾಕ್ಷಿ ಅಂದ ಮೇಲೆ ಏನು ಹೇಳುವುದು, ತಿಳಿವಳಿಕೆ ಬರುವವರೆಗೆ ಇರಲಿ ಎಂದು ಬ್ರಾಡ್‌ಫರ್ಡ್ ಉಳಿದವರನ್ನು ಕರೆದುಕೊಂಡು ಹೊರಟ. ಮಧ್ಯಾಹ್ನ ವಾಪಸು ಬಂದು ನೋಡುತ್ತಾನೆ, ಮನಸ್ಸಾಕ್ಷಿಯವರೆಲ್ಲ ಬೀದಿಯಲ್ಲಿ ಚೆಂಡಾಟ ಆಡುತ್ತಿದ್ದಾರೆ! ಆಟದ ಸಾಮಾನನ್ನೆಲ್ಲ ಕಿತ್ತುಕೊಂಡು, ಬೇರೆಯವರು ದುಡಿಯುವಾಗ ನೀವು ಆಡುವುದು ನನ್ನ ಮನಸ್ಸಾಕ್ಷಿಗೆ ಒಪ್ಪುವುದಿಲ್ಲ ಎಂದ. ಹಬ್ಬ ಆಚರಿಸುವುದೇ ಆದರೆ ಮನೆಯೊಳಗೆ ಪ್ರಾರ್ಥನೆ ಮಾಡಿಕೊಳ್ಳಿ, ಬೀದಿಯಲ್ಲಿ ಮಾತ್ರ ಬೇಡ. ಅಮೆರಿಕದ ಮಟ್ಟಿಗೆ ಕ್ರಿಸ್ಮಸ್ ಸಾರ್ವಜನಿಕವೋ ಖಾಸಗಿಯೋ ಎಂಬ ಚರ್ಚೆಯ ಮೊದಲ ಅಧ್ಯಾಯ ಇದೇ ಇರಬೇಕು. ಕೊನೆಗೆ ಬ್ರಾಡ್‌ಫರ್ಡನೇ ಇದನ್ನೆಲ್ಲ ತನ್ನ ಗ್ರಂಥದಲ್ಲಿ ಬರೆದಿಟ್ಟಿದ್ದಾನೆ, ತುಸು ನಗುತ್ತಲೇ ಬರೆದ ಹಾಗಿದೆ.

ಪಕ್ಕದ ಮ್ಯಾಸಚೂಸೆಟ್ಸ್‌ನವರಿಗೆ ಅಷ್ಟು ನಗು ಇರಲಿಲ್ಲ. 1659ರಲ್ಲಿ ಕಾನೂನು ಮಾಡಿ, ಕೆಲಸ ಬಿಟ್ಟೋ ಔತಣ ಮಾಡಿಯೋ ಕ್ರಿಸ್ಮಸ್ ಆಚರಿಸಿದವರಿಗೆ ಐದು ಷಿಲಿಂಗ್ ದಂಡ ಎಂದರು. ಇಂಗ್ಲೆಂಡಿನ ಒತ್ತಡಕ್ಕೆ 1681ರಲ್ಲಿ ಕಾನೂನು ಹೋಯಿತೇ ಹೊರತು ಮನಸ್ಸು ಬದಲಾಗಲಿಲ್ಲ. ಬಾಸ್ಟನ್ನಿನ ನ್ಯಾಯಾಧೀಶ ಸ್ಯಾಮ್ಯುಯೆಲ್ ಸೀವಾಲ್ ತನ್ನ ದಿನಚರಿಯಲ್ಲಿ ಆ ದಿನ ಅಂಗಡಿಗಳು ಎಂದಿನಂತೆ ತೆರೆದಿವೆ, ಗಾಡಿಗಳು ಎಂದಿನಂತೆ ಊರೊಳಗೆ ಬರುತ್ತಿವೆ ಎಂದು ಸಂತೋಷದಿಂದ ಗುರುತು ಹಾಕಿಕೊಂಡ. ಇಂಗ್ಲೆಂಡಿನಲ್ಲೇ 1647ರಲ್ಲಿ ಪಾರ್ಲಿಮೆಂಟು ಕ್ರಿಸ್ಮಸ್ಸನ್ನು ರದ್ದು ಮಾಡಿತ್ತು. ಆ ಡಿಸೆಂಬರಿನಲ್ಲಿ ಕ್ಯಾಂಟರ್ಬರಿಯ ಮೇಯರ್ ಅಂಗಡಿ ತೆರೆಯಿರಿ ಎಂದದ್ದಕ್ಕೆ ದೊಂಬಿಯೇ ಎದ್ದಿತು. 1660ರಲ್ಲಿ ರಾಜ ತಿರುಗಿ ಬಂದ ಮೇಲೆ ಹಬ್ಬವೂ ಬಂತು. ಸ್ಕಾಟ್ಲೆಂಡಿನಲ್ಲಂತೂ ಡಿಸೆಂಬರ್ 25 ಸಾರ್ವಜನಿಕ ರಜೆಯಾದದ್ದು 1958ರಲ್ಲಿ.

ಪ್ಯೂರಿಟನ್ನರು ಎಂದು ಹೆಸರಾದ ಈ ಕಟ್ಟಾ ಕ್ರೈಸ್ತರಿಗೇಕೆ ಇಷ್ಟು ಸಿಟ್ಟು? ಬೈಬಲಿನಲ್ಲಿ ಎಲ್ಲೂ ಯೇಸು ಹುಟ್ಟಿದ ತಾರೀಕಿಲ್ಲ. ಆ ದಿನ ಬಂದದ್ದು ಕ್ರಿಸ್ತನಿಂದಲ್ಲ, ರೋಮನ್ನರ ಸ್ಯಾಟರ್ನೇಲಿಯಾ ಎಂಬ ಮೋಜಿನ ಹಬ್ಬದ ಕಾಲಕ್ಕೆ ಹೊಂದಿಸಿಕೊಂಡದ್ದು ಎಂದು ಪಾದ್ರಿ ಇನ್‌ಕ್ರೀಸ್ ಮೇದರ್ 1687ರಲ್ಲಿ ಬರೆದ. ಆಗಿನ ಆಚರಣೆಯೂ ಈಗಿನ ಹಾಗೆ ಮನೆಮಂದಿ ಮರದ ಸುತ್ತ ಕೂತು ಉಡುಗೊರೆ ಬಿಚ್ಚುವುದಾಗಿರಲಿಲ್ಲ. ಸುಗ್ಗಿ ಮುಗಿದಿದೆ, ಹೊಸ ಬಿಯರ್ ಹದಕ್ಕೆ ಬಂದಿದೆ, ಮಾಂಸ ಇದೆ, ಕೆಲಸ ಇಲ್ಲ. ಕೂಲಿ ಜನ ಮುಖವಾಡ ಕಟ್ಟಿಕೊಂಡು ಗುಂಪಾಗಿ ಧಣಿಯ ಬಾಗಿಲು ಬಡಿದು, ಹಾಡಿ, ತಿನ್ನಲು ಕುಡಿಯಲು ಕೊಡು ಎನ್ನುವುದು. ಕೊಟ್ಟರೆ ಹರಕೆ, ಕೊಡದಿದ್ದರೆ ಬೆದರಿಕೆ. ಈ ಬೀದಿ ಹಬ್ಬವನ್ನು ಹತ್ತೊಂಬತ್ತನೆಯ ಶತಮಾನದ ಅನುಕೂಲಸ್ಥರು ಹೇಗೆ ಮನೆಯೊಳಗೆ ಎಳೆದುಕೊಂಡು, ಕೂಲಿಯವನಿಗೆ ಕೊಡುತ್ತಿದ್ದುದನ್ನು ಸ್ವಂತ ಮಕ್ಕಳಿಗೆ ಕೊಡುವಂತೆ ಪಳಗಿಸಿದರು ಎಂದು ಸ್ಟೀಫನ್ ನಿಸೆನ್‌ಬಾಮ್ ಎಂಬ ಇತಿಹಾಸಕಾರರು 1996ರಲ್ಲಿ ಒಂದು ಪುಸ್ತಕ ಬರೆದಿದ್ದಾರೆ. ಓದಿದ ಮೇಲೆ ಸಾಂತಾನ ನಗು ಮೊದಲಿನಷ್ಟು ಮುಗ್ಧವಾಗಿ ಕಾಣುವುದಿಲ್ಲ. ಹೀಗೆ ಪಳಗಿದ ಹಬ್ಬಕ್ಕೆ 1870ರಲ್ಲಿ ಅಧ್ಯಕ್ಷ ಗ್ರ್ಯಾಂಟ್ ಕಾಲದಲ್ಲಿ ಕೇಂದ್ರ ಸರ್ಕಾರದ ರಜೆ ಸಿಕ್ಕಿತು, ಅದೂ ಮೊದಲು ರಾಜಧಾನಿಯ ನೌಕರರಿಗಷ್ಟೇ, ಹೊಸ ವರ್ಷ, ಜುಲೈ 4 ಮುಂತಾದ ದಿನಗಳ ಪಟ್ಟಿಯಲ್ಲಿ ಸೇರಿಕೊಂಡು.

ಪ್ಯೂರಿಟನ್ನರು ಮುಖ ಗಂಟು ಹಾಕಿಕೊಂಡ ಜನ, ನನಗೆ ಅವರ ಮೇಲೆ ಪ್ರೀತಿಯೇನಿಲ್ಲ. ಆದರೂ ಒಂದು ವಿಷಯ ಅವರಿಗೆ ಗೊತ್ತಿತ್ತು: ಬೀದಿಗೆ ಬಂದ ಹಬ್ಬ ಬೀದಿಯ ಮಾತು ಕೇಳುತ್ತದೆ, ಗುಡಿಯ ಮಾತು ಕೇಳುವುದಿಲ್ಲ. ಪಾಟಕೆಟ್ ಇರುವ ರೋಡ್ ಐಲೆಂಡಿಗೆ ಅಡಿಗಲ್ಲು ಹಾಕಿದ ರೋಜರ್ ವಿಲಿಯಮ್ಸ್ ಮ್ಯಾಸಚೂಸೆಟ್ಸ್‌ನಿಂದ ಗಡೀಪಾರಾಗಿ 1636ರಲ್ಲಿ ಪ್ರಾವಿಡೆನ್ಸ್ ಕಟ್ಟಿದವನು. ಚರ್ಚಿನ ತೋಟಕ್ಕೂ ಲೋಕದ ಕಾಡಿಗೂ ನಡುವೆ ಗೋಡೆ ಬೇಕು ಎಂದು ಆತ ವಾದಿಸಿದ್ದು ಅಧ್ಯಕ್ಷ ಜೆಫರ್ಸನ್ ಧರ್ಮಕ್ಕೂ ಸರ್ಕಾರಕ್ಕೂ ನಡುವಿನ ‘ಗೋಡೆ’ಯ ಮಾತಾಡುವುದಕ್ಕೆ ಒಂದೂವರೆ ಶತಮಾನ ಮೊದಲು. ಜೆಫರ್ಸನ್‌ನ ಚಿಂತೆ ಧರ್ಮ ಬಂದು ಸರ್ಕಾರವನ್ನು ಕೆಡಿಸೀತು ಎಂದಾದರೆ ವಿಲಿಯಮ್ಸನ ಚಿಂತೆ ಸರ್ಕಾರ ಬಂದು ಧರ್ಮವನ್ನು ಕೆಡಿಸೀತು ಎಂದು. ಅವನ ಊರಿನವರೇ ಸುಪ್ರೀಂ ಕೋರ್ಟಿನಲ್ಲಿ ನಿಂತು, ನಮ್ಮ ಗೋದಲಿಯಲ್ಲಿ ಅಂಥ ಧರ್ಮವೇನೂ ಇಲ್ಲ ಸ್ವಾಮಿ ಎನ್ನಬೇಕಾಯಿತಲ್ಲ!

ಹೊಸ ಕಾಲದ ಯುದ್ಧ ಅಂಗಡಿಗಳಲ್ಲಿ ನಡೆಯುತ್ತದೆ. 2005ರ ಸುಮಾರಿಗೆ ಫಾಕ್ಸ್ ನ್ಯೂಸ್ ಚಾನೆಲ್ಲಿನ ಬಿಲ್ ಓ’ರೈಲಿ ಮತ್ತು ಜಾನ್ ಗಿಬ್ಸನ್ ಇದಕ್ಕೆ ‘ಕ್ರಿಸ್ಮಸ್ ಮೇಲಿನ ಸಮರ’ ಎಂದು ಹೆಸರು ಕೊಟ್ಟು ಮನೆಮಾತು ಮಾಡಿದರು. ಕ್ಯಾಷ್ ಕೌಂಟರಿನ ಹುಡುಗಿ ‘ಮೆರಿ ಕ್ರಿಸ್ಮಸ್’ ಎನ್ನದೆ ‘ಹ್ಯಾಪಿ ಹಾಲಿಡೇಸ್’ ಎಂದಳೋ, ದ್ರೋಹ. ಆ ವರ್ಷ ಅಧ್ಯಕ್ಷ ಬುಷ್ ಕಳಿಸಿದ ಶುಭಾಶಯ ಪತ್ರದಲ್ಲೂ ಕ್ರಿಸ್ಮಸ್ ಎಂಬ ಮಾತಿಲ್ಲ ಎಂದು ಅವರ ಪಕ್ಷದವರೇ ಮುನಿಸಿಕೊಂಡರು. 2015ರಲ್ಲಿ ಸ್ಟಾರ್‌ಬಕ್ಸ್‌ನವರು ಹಬ್ಬದ ಕಾಫಿ ಲೋಟದ ಮೇಲೆ ಮಂಜಿನ ಹರಳು, ಸಾರಂಗ ಇತ್ಯಾದಿ ಬಿಡಿಸುವುದನ್ನು ಬಿಟ್ಟು ಬರೀ ಕೆಂಪು ಬಣ್ಣ ಬಳಿದಾಗ, ಇವರಿಗೆ ಯೇಸುವನ್ನು ಕಂಡರೆ ಆಗುವುದಿಲ್ಲ ಎಂದು ಒಬ್ಬರು ವಿಡಿಯೋ ಮಾಡಿದರು. ಪ್ರತಿಭಟನೆಯ ವಿಧಾನ ಸೊಗಸಾಗಿತ್ತು: ಹೆಸರು ಕೇಳಿದಾಗ ‘ಮೆರಿ ಕ್ರಿಸ್ಮಸ್’ ಎಂದು ಹೇಳಿದರೆ ಲೋಟದ ಮೇಲೆ ಅವರು ಅದನ್ನೇ ಬರೆದುಕೊಡಬೇಕು. ದುಡ್ಡು ಕೊಟ್ಟು ಕಾಫಿ ಕೊಂಡೇ ಬಹಿಷ್ಕಾರ ಹಾಕುವುದು! ಹಿಂದಿನ ಲೋಟಗಳ ಮೇಲೂ ಯೇಸು ಇರಲಿಲ್ಲ ಎಂಬುದು ಯಾರ ಗಮನಕ್ಕೂ ಬರಲಿಲ್ಲ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರಸಭೆ 1997ರಲ್ಲಿ ಚಳಿಗಾಲದ ಕಾರ್ಯಕ್ರಮಗಳಿಗೆಲ್ಲ ಸೇರಿಸಿ ‘ವಿಂಟರ್ವಲ್’ ಎಂದು ಹೆಸರಿಟ್ಟದ್ದೇ ತಡ, ಕ್ರಿಸ್ಮಸ್ ನಿಷೇಧಿಸಿದರು ಎಂಬ ಸುದ್ದಿ ಹುಟ್ಟಿ ವರ್ಷಗಟ್ಟಲೆ ಓಡಿತು. ಪತ್ರಿಕೆಯೊಂದು ತಪ್ಪು ಒಪ್ಪಿಕೊಂಡು ತಿದ್ದುಪಡಿ ಹಾಕಿದ್ದು 2011ರಲ್ಲಿ.

ಒಂದು ಡಿಸೆಂಬರನ್ನು ನಾವಿಬ್ಬರೂ ನ್ಯೂಜೆರ್ಸಿಯ ಮಗಳ ಮನೆಯಲ್ಲಿ ಕಳೆದೆವು. ಮೊಮ್ಮಗನ ಶಾಲೆಯಲ್ಲಿ ‘ಚಳಿಗಾಲದ ಸಂಗೀತ ಕಾರ್ಯಕ್ರಮ’. ಹೆಸರಲ್ಲೇ ಜಾಣತನ, ಚಳಿಗೆ ಯಾರೂ ತಕರಾರು ಮಾಡುವುದಿಲ್ಲ. ಮಂಜಿನ ಮೇಲೆ ಎರಡು ಹಾಡು, ಹನುಕ್ಕಾದ ಬುಗುರಿಯ ಮೇಲೆ ಒಂದು, ಕೊನೆಗೆ ರುಡಾಲ್ಫ್. ನಮ್ಮ ಹುಡುಗ ಅಟ್ಟೆಯ ಕೊಂಬು ಕಟ್ಟಿಕೊಂಡು ಎರಡನೇ ಸಾಲಿನಲ್ಲಿ ನಿಂತಿದ್ದ. “ರೀ, ಯೇಸು ಯಾವಾಗ ಬರ್ತಾನೆ?” ಎಂದು ನಮ್ಮಾಕೆ ಕಿವಿಯಲ್ಲಿ ಕೇಳಿದಳು. ಮಂಗಳೂರಿನಲ್ಲಿ ಬೆಳೆದವಳು, ಪಕ್ಕದ ಮನೆಯ ಬಾಯಮ್ಮ ಪ್ರತಿ ವರ್ಷ ಕಳಿಸುತ್ತಿದ್ದ ಕುಸ್ವಾರ್ ತಟ್ಟೆ, ಅದರಲ್ಲಿನ ಕಿಡಿಯೋ, ನೆವ್ರಿ, ರೋಸ್ ಕುಕ್ಕೀಸ್, ಅವರ ಮನೆಯ ಮೂಲೆಯಲ್ಲಿ ಹುಲ್ಲು ಹಾಸಿ, ಸಣ್ಣ ತಟ್ಟೆಗಳಲ್ಲಿ ಪೈರು ಮೊಳೆಸಿ ಮಾಡುತ್ತಿದ್ದ ಗೋದಲಿ, ಇದೇ ಅವಳ ಲೆಕ್ಕದ ಕ್ರಿಸ್ಮಸ್. ಬರುವುದಿಲ್ಲ, ಕಾನೂನು ಇದೆ ಎಂದೆ. “ಹುಟ್ಟಿದ್ದಕ್ಕೂ ಕಾನೂನಾ?” ಎಂದಳು. ಮುಂದಿನ ಕುರ್ಚಿಯವರು ತಿರುಗಿ ನೋಡಿದ್ದರಿಂದ ಸುಮ್ಮನಾದೆವು.

ಮಗಳ ಮನೆಯಲ್ಲೇನೋ ಮರ ಇತ್ತು. ಅಲ್ಲಿನ ಕನ್ನಡದವರ ಮನೆಗಳಲ್ಲಿ ಮಕ್ಕಳಿರುವ ಕಡೆ ಬಹುಮಟ್ಟಿಗೆ ಇರುತ್ತದೆ; ದೇವರ ಕೋಣೆಯಲ್ಲಿ ದೀಪ, ಹಾಲಿನಲ್ಲಿ ಮರ, ಯಾರಿಗೂ ಇಕ್ಕಟ್ಟಿಲ್ಲ. ತಕರಾರು ಬರುವುದು ಮನೆಯ ಹೊಸ್ತಿಲು ದಾಟಿ ಟೌನ್‌ಷಿಪ್ಪಿನ ಹುಲ್ಲುಹಾಸಿಗೆ ಬಂದಾಗ. 2006ರಲ್ಲಿ ಸಿಯಾಟಲ್-ಟಕೋಮಾ ವಿಮಾನ ನಿಲ್ದಾಣದಲ್ಲಿ ಒಬ್ಬ ಯಹೂದಿ ರಬ್ಬಿ, ಕ್ರಿಸ್ಮಸ್ ಮರಗಳಿವೆಯಲ್ಲ, ಒಂದು ಮೆನೋರಾವನ್ನೂ ಇಡಿ ಎಂದು ಕೇಳಿ, ಇಡದಿದ್ದರೆ ಕೋರ್ಟಿಗೆ ಹೋಗುವ ಸೂಚನೆ ಕೊಟ್ಟರು. ಅಧಿಕಾರಿಗಳು ತಲೆ ಓಡಿಸಿ ರಾತ್ರೋರಾತ್ರಿ ಮರಗಳನ್ನೇ ತೆಗೆಸಿಬಿಟ್ಟರು. ಊರೆಲ್ಲ ರಬ್ಬಿಯ ಮೇಲೆ ತಿರುಗಿ ಬಿತ್ತು. ಮರ ತೆಗೆಯಿರಿ ಎಂದು ನಾನೆಲ್ಲಿ ಹೇಳಿದೆ ಎಂದು ಆತ ಗೋಗರೆದು, ಕೇಸಿನ ಮಾತು ಬಿಟ್ಟ ಮೇಲೆ ಮರಗಳು ವಾಪಸಾದವು. ಮೆನೋರಾ ಆ ಸಲಕ್ಕೆ ಬರಲಿಲ್ಲ.

ಈಚೆಗೆ ಗಾಳಿ ಬೇರೆ ಕಡೆ ಬೀಸುತ್ತಿದೆ. 2022ರಲ್ಲಿ ಸುಪ್ರೀಂ ಕೋರ್ಟು ಒಬ್ಬ ಫುಟ್‌ಬಾಲ್ ತರಬೇತುದಾರರ ಪ್ರಾರ್ಥನೆಯ ಪ್ರಕರಣದಲ್ಲಿ ಹಳೆಯ ಅಳತೆಗೋಲುಗಳನ್ನು ಪಕ್ಕಕ್ಕಿಟ್ಟು, ಇಂಥದ್ದನ್ನೆಲ್ಲ ಇನ್ನು ಮುಂದೆ ದೇಶದ ಇತಿಹಾಸ, ಹಿಂದಿನ ರೂಢಿ ನೋಡಿ ತೀರ್ಮಾನಿಸಬೇಕು ಎಂದಿತು. ಗೋದಲಿಯವರಿಗೆ ಖುಷಿಯಾಗಿರಬೇಕು. ಯಾವ ಇತಿಹಾಸ ಎಂದು ಮಾತ್ರ ಅವರು ಕೇಳಿದಂತಿಲ್ಲ. ಹಿಂದೆ ಹಿಂದೆ ಹೋಗುತ್ತ ಹೋದರೆ ಐದು ಷಿಲಿಂಗ್ ದಂಡದ ರಸೀತಿ ಸಿಕ್ಕೀತು.

ನಮ್ಮವರೂ ಈ ಪಂಕ್ತಿಗೆ ಎಲೆ ಹಾಕಿಕೊಂಡು ಕೂತಾಗಿದೆ. 2003ರಿಂದ ಶ್ವೇತಭವನದಲ್ಲಿ ದೀಪಾವಳಿ ನಡೆಯುತ್ತಿದೆ, 2016ರಲ್ಲಿ ದೀಪಾವಳಿಯ ಅಂಚೆಚೀಟಿ ಬಂತು, 2023ರಲ್ಲಿ ನ್ಯೂಯಾರ್ಕ್ ನಗರದ ಸರ್ಕಾರಿ ಶಾಲೆಗಳಿಗೆ ದೀಪಾವಳಿ ರಜೆಯ ಕಾನೂನಾಯಿತು. ಅಳಿಯನ ಸ್ನೇಹಿತರೊಂದಷ್ಟು ಜನ ಒಂದು ಶನಿವಾರ ಸಂಜೆ ಮನೆಯಲ್ಲಿ ಸೇರಿದ್ದಾಗ ಇದೇ ವಿಷಯ ಬಂತು. ಟೌನ್‌ಷಿಪ್ಪಿನ ಹುಲ್ಲುಹಾಸಿನ ಮೇಲೆ ಮರ ಇದೆ, ಮೆನೋರಾ ಇದೆ, ಬರುವ ವರ್ಷ ನಮ್ಮದೂ ಒಂದು ದೀಪ ಇರಲಿ ಎಂದು ಅರ್ಜಿ ಹಾಕಿದ್ದರಂತೆ. ಉತ್ತರ ಬಂದಿತ್ತು. ಅಳಿಯ ಫೋನಿನಲ್ಲಿ ಓದಿ ಹೇಳಿದರು: ದೀಪ ಇಡಬಹುದು, ಬೆಂಕಿ ಹಚ್ಚಬಾರದು, ಬಲ್ಬಿರಬೇಕು, ಮಕ್ಕಳ ಮೇಲೆ ಬಿದ್ದರೆ ಎಂದು ವಿಮೆ ಮಾಡಿಸಬೇಕು, ಹಬ್ಬ ಮುಗಿದ ವಾರದೊಳಗೆ ಎತ್ತಿಕೊಂಡು ಹೋಗಬೇಕು.

“ಎಣ್ಣೆ ಬತ್ತಿ ಇಲ್ಲದ ಮೇಲೆ ಅದ್ಯಾವ ಸೀಮೆ ದೀಪ?” ಎಂದಳು ನಮ್ಮಾಕೆ ಅಡುಗೆಮನೆಯಿಂದಲೇ.

“ಅತ್ತೆ, ದೀಪ ಒಂದೇ ಇದ್ದರೆ ಧಾರ್ಮಿಕ ಅಂತ ಯಾರಾದರೂ ಕೇಸ್ ಹಾಕಬಹುದು. ಪಕ್ಕದಲ್ಲಿ ನವಿಲೊಂದನ್ನು ನಿಲ್ಲಿಸಿದರೆ ಸೇಫ್,” ಎಂದರು ಅಳಿಯ. ಅವರು ಪಾಟಕೆಟ್ ತೀರ್ಪು ಓದಿದವರಲ್ಲ. ಆ ದೇಶದಲ್ಲಿ ಇಪ್ಪತ್ತು ವರ್ಷ ಇದ್ದರೆ ತಾನಾಗಿ ಬರುವ ಜ್ಞಾನ ಇರಬೇಕು.

ನವಿಲಿಗೆ ಎಲ್ಲರೂ ಒಪ್ಪಿದರು. ಒಬ್ಬರು ಥರ್ಮಾಕೋಲ್ ಸಾಕು ಎಂದರು, ಇನ್ನೊಬ್ಬರು ಮಳೆಗೆ ನಿಲ್ಲಲ್ಲ, ಫೈಬರಿನದನ್ನು ಚನ್ನಪಟ್ಟಣದ ಕಡೆಯಿಂದ ತರಿಸೋಣ ಎಂದರು. ಸಾಗಣೆ ಖರ್ಚು ಯಾರು ಕೊಡುವುದು, ವರ್ಷದ ಉಳಿದ ಹನ್ನೊಂದು ತಿಂಗಳು ನವಿಲನ್ನು ಯಾರ ಗರಾಜಿನಲ್ಲಿ ಇಡುವುದು ಎಂಬಲ್ಲಿಗೆ ಬಂದಾಗ ಎಲ್ಲರೂ ತಂತಮ್ಮ ಗರಾಜು ಎಷ್ಟು ಚಿಕ್ಕದು ಎಂದು ವಿವರಿಸತೊಡಗಿದರು. ಅಷ್ಟರಲ್ಲಿ ಬಿಸಿಬೇಳೆ ಬಾತ್ ಬಂತು.